ಹತ್ತಿಯನ್ನು ಅಳೆದವರು ಯಾರು?

ಕಳೆದ ಹಂಗಾಮಿನಲ್ಲಿ, ಎಳ್ಳಮಾವಾಸ್ಯೆ ಮುಗಿದ ಕೆಲವು ದಿನಗಳ ಮೇಲೆ, ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕಾಲೇಜಿಗೆ ಬಂದಿದ್ದರು. ಸೇಡಂ ತಾಲ್ಲೂಕಿನ ಹಳ್ಳಿಯೊಂದರ ರೈತರು. ಅವರ ಕೈಯಲ್ಲಿ ಎರಡು ಕಾಗದದ ಪೊಟ್ಟಣಗಳಿದ್ದುವು. ಒಂದರಲ್ಲಿ ಮೊದಲ ಸಲ ಬಿಡಿಸಿದ ಹತ್ತಿ, ಇನ್ನೊಂದರಲ್ಲಿ ಮೂರನೆಯ ಸಲ ಬಿಡಿಸಿದ ಹತ್ತಿ. ಎರಡಕ್ಕೂ ಒಂದೇ ಧಾರಣೆ ಕಟ್ಟಿದರಂತೆ. ಅದೂ ಆ ದಿನ ಪ್ರಕಟವಾದ ಪೇಟೆಯ ಧಾರಣೆಗಿಂತ ಕಡಿಮೆ. ಕಾರಣ ಕೇಳಿದಾಗ ಬಂದ ಉತ್ತರ: "ಮಾಲಿನಲ್ಲಿ ತೇವ ಇದೆ, ಎಳೆ ಗಿಡ್ಡ." ನಾನು ಪಾಠ ಹೇಳುವವನ ಸಹಜವಾದ ಧೋರಣೆಯಿಂದ, "ತೇವ ಹೆಚ್ಚಿದ್ದರೆ, ಎಳೆ ಗಿಡ್ಡವಾಗಿದ್ದರೆ ಬೆಲೆ ಇಳಿಯುವುದು ನ್ಯಾಯವೇ ಅಲ್ಲವೆ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು ಸರ್. ಆದರೆ ಅಳೆದವರು ಯಾರು?" ಎಂದು ಕೇಳಿದರು.

ಅಳತೆಯೇ ಭೌತವಿಜ್ಞಾನದ ಮೂಲವೆಂದು ತರಗತಿಯಲ್ಲಿ ಪ್ರತಿವರ್ಷವೂ ಸಾರುವ ನನಗೆ ಆ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಸರ್ಕಾರವು ಹತ್ತಿಯ ಬಗ್ಗೆ ಬಹಳಷ್ಟು ಮಾಹಿತಿಯನ್ನು ಸಂಗ್ರಹಿಸುತ್ತದೆ, ಆದರೆ ಬೆಲೆಯನ್ನು ನಿಜವಾಗಿ ನಿರ್ಣಯಿಸುವ ಗುಣದ ಮಾಹಿತಿಯು ಮಾರುವವನಿಗೆ ಮಾರುವ ಮೊದಲು ದೊರೆಯುವುದಿಲ್ಲ. ಇದು ಸಣ್ಣ ಲೋಪವಲ್ಲ. ಇದನ್ನು ಸರಿಪಡಿಸುವುದು ಅಸಾಧ್ಯವೂ ಅಲ್ಲ.

ನಮ್ಮ ಸೀಮೆಯನ್ನೇ ನೋಡೋಣ. ವಾಡಿಯಲ್ಲಿ ಸಿಮೆಂಟು ತಯಾರಾಗುತ್ತದೆ. ಸಿಮೆಂಟಿನ ಚೀಲದ ಮೇಲೆ ೪೩ ಅಥವಾ ೫೩ ಎಂಬ ದರ್ಜೆಯನ್ನು ಅಚ್ಚು ಹಾಕಿರುವುದನ್ನು ನೀವು ನೋಡಿದ್ದೀರಿ. ಅದು ಅಲಂಕಾರಕ್ಕಾಗಿ ಇರುವುದಲ್ಲ. ನಿಯತ ವಿಧಾನದಲ್ಲಿ ಕಲಸಿದ ಗಾರೆಯ ಗಟ್ಟಿಯು ೨೮ ದಿನಗಳ ಮೇಲೆ ಎಷ್ಟು ಒತ್ತಡವನ್ನು ತಾಳಬೇಕೆಂಬುದನ್ನು ಮೆಗಾಪ್ಯಾಸ್ಕಲ್ ಮಾನದಲ್ಲಿ ಹೇಳುವ ಸಂಖ್ಯೆ. ಶಹಾಬಾದಿನ ಹಾಸುಗಲ್ಲನ್ನು ಕೊಳ್ಳುವಾಗ ಉದ್ದ, ಅಗಲ, ದಪ್ಪಗಳನ್ನು ಅಳೆಯುವ ಪಟ್ಟಿಯು ಕೊಳ್ಳುವವನಿಗೂ ಮಾರುವವನಿಗೂ ಏಕಕಾಲದಲ್ಲಿ ಕಾಣುತ್ತದೆ. ಅದೇ ಸುಣ್ಣಕಲ್ಲಿನ ನೆಲದ ಪಕ್ಕದ ಕಪ್ಪುಮಣ್ಣಿನಲ್ಲಿ, ಚಿತ್ತಾಪುರ ಸೇಡಂಗಳ ಹೊಲಗಳಲ್ಲಿ, ತೊಗರಿಯ ಜೊತೆಜೊತೆಗೆ ಬೆಳೆಯುವ ಹತ್ತಿಯ ಮೇಲೆ ಮಾತ್ರ ಯಾವ ಸಂಖ್ಯೆಯೂ ಇರುವುದಿಲ್ಲ. ಕೊಳ್ಳುವವನು ರಾಶಿಯೊಳಕ್ಕೆ ಕೈ ತೂರಿಸುತ್ತಾನೆ, ಒಂದು ಹಿಡಿ ಹೊರಗೆಳೆಯುತ್ತಾನೆ, ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಜಗ್ಗಿ ನೋಡುತ್ತಾನೆ, ಧಾರಣೆ ಹೇಳುತ್ತಾನೆ. ಅನುಭವಿಯ ಅಂಗೈಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಂಗೈ ಯಾವಾಗಲೂ ಒಂದೇ ಪಕ್ಷದ್ದಾಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹತ್ತಿಯ ಗುಣವೆಂದರೇನು? ಅದು ಅಳೆಯಲು ಬಾರದ ವಿಷಯವೇನಲ್ಲ. ಮೊದಲನೆಯದು ಎಳೆಯ ಉದ್ದ. ಇದನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಎಳೆ ಉದ್ದವಾದಷ್ಟೂ ನಯವಾದ ನೂಲು ತೆಗೆಯಬಹುದು. ಎರಡನೆಯದು ಮೈಕ್ರೊನೇರ್ ಎಂಬ ಅಳತೆ. ನಿಯತ ತೂಕದ ಅರಳೆಯನ್ನು ನಿಯತ ಗಾತ್ರದ ಕೊಳವೆಯಲ್ಲಿ ಅಡಕಿ, ನಿಯತ ಒತ್ತಡದಲ್ಲಿ ಅದರ ಮೂಲಕ ಗಾಳಿಯನ್ನು ಹಾಯಿಸುತ್ತಾರೆ. ಎಳೆಗಳು ಸಣ್ಣವಾಗಿದ್ದರೆ ಅಷ್ಟೇ ತೂಕದಲ್ಲಿ ಅವುಗಳ ಒಟ್ಟು ಮೇಲ್ಮೈ ಹೆಚ್ಚು. ಮೇಲ್ಮೈ ಹೆಚ್ಚಿದಷ್ಟೂ ಗಾಳಿಗೆ ತಡೆ ಹೆಚ್ಚು. ಆದುದರಿಂದ ಹಾಯುವ ಗಾಳಿ ಕಡಿಮೆ. ಗಾಳಿಯ ಹರಿವನ್ನು ಅಳೆದು ಎಳೆಯ ಸಣ್ಣತನವನ್ನೂ ಪಕ್ವತೆಯನ್ನೂ ಒಟ್ಟಾಗಿ ಊಹಿಸುವ ಈ ಉಪಾಯ ಎಷ್ಟು ಸರಳ, ಎಷ್ಟು ಸುಂದರ! ಮೂರನೆಯದು ಎಳೆಯ ಬಲ; ನಾಲ್ಕನೆಯದು ಬಣ್ಣ, ಅಂದರೆ ಬೆಳಕನ್ನು ಪ್ರತಿಫಲಿಸುವ ಶಕ್ತಿ ಮತ್ತು ಹಳದಿಯ ಅಂಶ; ಐದನೆಯದು ಎಲೆ, ಕಡ್ಡಿ, ಧೂಳುಗಳ ಕಸ. ಇವೆಲ್ಲವನ್ನೂ ಅಳೆಯುವ ಒಂದೇ ಯಂತ್ರ ಇಂದು ಉಂಟು. ಕೆಲವೇ ನಿಮಿಷಗಳಲ್ಲಿ ಒಂದು ಮಾದರಿಯ ಪರೀಕ್ಷೆ ಮುಗಿಯುತ್ತದೆ.

ಇನ್ನು ತೇವಾಂಶ. ರೈತನಿಗೂ ಕೊಳ್ಳುವವನಿಗೂ ಹೆಚ್ಚು ಜಗಳ ಬರುವುದು ಇಲ್ಲಿಯೇ. ಬೆಂಬಲ ಬೆಲೆಯ ಖರೀದಿಯಲ್ಲಿ ಶೇಕಡ ೮ ತೇವಾಂಶಕ್ಕೆ ಪೂರ್ಣ ಬೆಲೆ. ಅಲ್ಲಿಂದ ಶೇಕಡ ೧೨ರವರೆಗೆ ತಕ್ಕ ಕಡಿತ. ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವುದಿಲ್ಲ. ಈ ನಿಯಮದಲ್ಲಿ ಅನ್ಯಾಯವೇನೂ ಇಲ್ಲ. ನೀರಿಗೆ ಹತ್ತಿಯ ಬೆಲೆಯನ್ನು ಯಾರೂ ಕೊಡಲಾರರು. ಆದರೆ ಅಳತೆ ತಪ್ಪಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿರಿ. ಒಂದು ಕ್ವಿಂಟಲ್ ಹತ್ತಿಯಲ್ಲಿ ನಿಜವಾಗಿ ಶೇಕಡ ೧೦ ತೇವವಿದೆ ಎನ್ನೋಣ. ಒಣ ವಸ್ತು ೯೦ ಕಿಲೋಗ್ರಾಂ. ಶೇಕಡ ೮ರ ಲೆಕ್ಕಕ್ಕೆ ತಂದರೆ ಅದು ೯೭.೮ ಕಿಲೋಗ್ರಾಂ ಹತ್ತಿಗೆ ಸಮ. ಮಾಪಕವು ತಪ್ಪಾಗಿ ಶೇಕಡ ೧೨ ಎಂದು ತೋರಿಸಿದರೆ ಅದೇ ಹತ್ತಿ ೯೫.೭ ಕಿಲೋಗ್ರಾಮಿಗೆ ಇಳಿಯುತ್ತದೆ. ೨೦೨೫-೨೬ರ ಹಂಗಾಮಿಗೆ ಕೇಂದ್ರ ಸರ್ಕಾರವು ಉದ್ದ ಎಳೆಯ ಹತ್ತಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ೮,೧೧೦ ರೂಪಾಯಿ. ಈ ದರದಲ್ಲಿ ಎರಡಂಶದ ತಪ್ಪಿನಿಂದ ಆಗುವ ನಷ್ಟ ಕ್ವಿಂಟಲಿಗೆ ಸುಮಾರು ೧೭೫ ರೂಪಾಯಿ; ಇಪ್ಪತ್ತು ಕ್ವಿಂಟಲ್ ತಂದವನಿಗೆ ಸುಮಾರು ೩,೫೦೦ ರೂಪಾಯಿ.

ಎರಡಂಶದ ತಪ್ಪು ಅಸಂಭವವೇನಲ್ಲ. ಪೇಟೆಯಲ್ಲಿ ಬಳಸುವ ಸಾಮಾನ್ಯ ಮಾಪಕವು ನೇರವಾಗಿ ನೀರನ್ನು ಅಳೆಯುವುದಿಲ್ಲ. ಹತ್ತಿಯ ವಿದ್ಯುದ್ರೋಧವನ್ನು ಅಳೆದು ತೇವವನ್ನು ಊಹಿಸುತ್ತದೆ. ತೇವ ಸ್ವಲ್ಪ ಹೆಚ್ಚಿದರೂ ರೋಧ ಹಲವು ಪಟ್ಟು ಇಳಿಯುವುದರಿಂದ ಉಪಾಯ ಒಳ್ಳೆಯದೇ. ಆದರೆ ಹತ್ತಿಯನ್ನು ಎಷ್ಟು ಬಿಗಿಯಾಗಿ ಒತ್ತಿದ್ದಾರೆ, ಅದರ ಉಷ್ಣತೆ ಎಷ್ಟು, ಮಾಪಕದ ಕಡ್ಡಿಯನ್ನು ರಾಶಿಯ ಮೈಯಲ್ಲಿ ಚುಚ್ಚಿದರೋ ಒಡಲಲ್ಲಿ ಚುಚ್ಚಿದರೋ, ಇಬ್ಬನಿಯ ಮುಂಜಾನೆಯೋ ಬಿಸಿಲಿನ ಮಧ್ಯಾಹ್ನವೋ—ಇವೆಲ್ಲದರ ಮೇಲೆ ಓದಿಕೆ ಹೊಯ್ದಾಡುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಓದಿಕೆಯನ್ನು ಬರೆದು ತಂದ ವಿದ್ಯಾರ್ಥಿಯನ್ನು ನಾನು ಹಿಂದಕ್ಕೆ ಕಳಿಸುತ್ತೇನೆ. ಪೇಟೆಯಲ್ಲಿ ಒಂದೇ ಓದಿಕೆಯಿಂದ ಒಂದು ಸಂಸಾರದ ವರ್ಷದ ದುಡಿಮೆಗೆ ಬೆಲೆ ಕಟ್ಟುತ್ತಾರೆ.

ಹಾಗಾದರೆ ಸರ್ಕಾರ ಏನನ್ನು ಸಂಗ್ರಹಿಸುತ್ತದೆ? ಕಡಿಮೆಯೇನಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆಯೆಂಬುದನ್ನು ಹೊಲಹೊಲಕ್ಕೂ ಹೋಗಿ ಮೊಬೈಲಿನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ನಮ್ಮ ರಾಜ್ಯದಲ್ಲಿ ನಡೆಯುತ್ತದೆ. ಇಳುವರಿಯನ್ನು ತಿಳಿಯಲು ಬೆಳೆ ಕಟಾವು ಪ್ರಯೋಗಗಳಿವೆ. ಹತ್ತಿಯನ್ನು ಹಲವು ಸಲ ಬಿಡಿಸಬೇಕಾದುದರಿಂದ ಅದೇ ತುಂಡು ನೆಲಕ್ಕೆ ಮತ್ತೆ ಮತ್ತೆ ಹೋಗಬೇಕು. ೨೦೦೦ದಲ್ಲಿ ಆರಂಭವಾದ ಆಗ್‌ಮಾರ್ಕ್‌ನೆಟ್ ವ್ಯವಸ್ಥೆಯು ದೇಶದ ಪೇಟೆಗಳಿಂದ ದಿನದಿನದ ಆವಕ ಮತ್ತು ಧಾರಣೆಗಳನ್ನು ಕೂಡಿಸುತ್ತದೆ. ೨೦೨೫ರಲ್ಲಿ ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಮಾರುವ ರೈತರ ನೋಂದಣಿಗಾಗಿ 'ಕಪಾಸ್ ಕಿಸಾನ್' ಎಂಬ ಮೊಬೈಲ್ ಆ್ಯಪನ್ನು ತಂದಿತು. ರೈತನು ತನ್ನ ನೆಲ, ಬೆಳೆ, ಬ್ಯಾಂಕಿನ ಖಾತೆ ಎಲ್ಲವನ್ನೂ ಕೊಟ್ಟಿದ್ದಾನೆ. ಕೊಟ್ಟದ್ದರ ಪ್ರತಿಯಾಗಿ ಅವನಿಗೆ ಸಿಗುವ ಧಾರಣೆಯ ವರದಿಯನ್ನು ತೆರೆದು ನೋಡಿರಿ: ಕನಿಷ್ಠ, ಗರಿಷ್ಠ, ಮತ್ತು ಅತಿ ಹೆಚ್ಚು ವ್ಯವಹಾರ ನಡೆದ ಧಾರಣೆ—ಸಂಖ್ಯಾಶಾಸ್ತ್ರದಲ್ಲಿ ಬಹುಲಕ ಎನ್ನುವುದು ಇದನ್ನೇ. ಜಾತಿ, ದರ್ಜೆ ಎಂಬ ಅಂಕಣಗಳೂ ಇವೆಯೆನ್ನಿ. ಆದರೆ ಅಳೆದ ಎಳೆಯ ಉದ್ದವಾಗಲಿ, ಮೈಕ್ರೊನೇರ್ ಆಗಲಿ, ತೇವಾಂಶವಾಗಲಿ ಅಲ್ಲಿಲ್ಲ.

ಗುಣವನ್ನು ಹೇಳದ ಬೆಲೆಯು ಮಾನವಿಲ್ಲದ ಸಂಖ್ಯೆಯಂತೆ. "ಉದ್ದ ಐದು" ಎಂದರೆ ನೀವು ನಗುತ್ತೀರಿ. ಐದು ಗಜವೋ ಐದು ಗೇಣೋ ಎಂದು ಕೇಳುತ್ತೀರಿ. ಧಾರಣೆಯ ವಿಷಯದಲ್ಲಿ ಮಾತ್ರ ನಾವು ಹಾಗೆ ಕೇಳುವುದನ್ನು ಕಲಿತಿಲ್ಲ.

ಇದರ ಪರಿಣಾಮ ಒಬ್ಬಿಬ್ಬರ ನಷ್ಟದಲ್ಲಿ ಮುಗಿಯುವುದಿಲ್ಲ. ಪೇಟೆಗೆ ಬಂದ ಹತ್ತಿಯಲ್ಲಿ ಅರ್ಧದಷ್ಟು ನಿಜವಾಗಿ ೮,೦೦೦ ರೂಪಾಯಿ ಬಾಳುವುದು, ಉಳಿದರ್ಧ ೭,೦೦೦ ಬಾಳುವುದು ಎಂದು ಊಹಿಸೋಣ. ಬೇರ್ಪಡಿಸಿ ಅಳೆಯುವ ಏರ್ಪಾಡಿಲ್ಲದಿದ್ದರೆ ಎಲ್ಲಕ್ಕೂ ೭,೫೦೦ರ ಸುತ್ತಮುತ್ತ ಧಾರಣೆ ನಿಲ್ಲುತ್ತದೆ. ಇಬ್ಬನಿ ಆರಿದ ಮೇಲೆ ಬಿಡಿಸಿ, ಎಲೆ ಕಡ್ಡಿ ಆರಿಸಿ, ಮೊದಲ ಬಿಡಿಕೆಯನ್ನು ಬೇರೆಯಾಗಿ ಇಟ್ಟವನು ಕೂಲಿಯನ್ನೂ ಕೊಟ್ಟು ೫೦೦ ರೂಪಾಯಿಯನ್ನೂ ಕಳೆದುಕೊಳ್ಳುತ್ತಾನೆ. ಮುಂದಿನ ವರ್ಷ ಅವನೂ ಎಲ್ಲವನ್ನೂ ಬೆರೆಸುತ್ತಾನೆ. ಸರಾಸರಿ ಗುಣ ಇಳಿಯುತ್ತದೆ, ಅದರ ಹಿಂದೆ ಧಾರಣೆಯೂ ಇಳಿಯುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ೧೯೭೦ರಲ್ಲಿ ಹಳೆಯ ಮೋಟಾರು ಕಾರುಗಳ ಉದಾಹರಣೆಯಿಂದ ಈ ತತ್ತ್ವವನ್ನು ನಿರೂಪಿಸಿದನು. ಗುಣದ ಅರಿವು ವ್ಯಾಪಾರದ ಒಂದೇ ಪಕ್ಷಕ್ಕೆ ಇದ್ದಾಗ ಕೆಟ್ಟ ಮಾಲು ಒಳ್ಳೆಯ ಮಾಲನ್ನು ಪೇಟೆಯಿಂದ ಹೊರಹಾಕುತ್ತದೆ ಎಂಬುದು ಅದರ ಸಾರ. ಈ ಬಗೆಯ ವಿಚಾರಗಳಿಗಾಗಿ ೨೦೦೧ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಊರಿನ ಹತ್ತಿಗೆ ಆ ತತ್ತ್ವ ಬಲು ಚೆನ್ನಾಗಿ ಒಪ್ಪುತ್ತದೆ.

ಈ ತೊಡಕು ಹೊಸದಲ್ಲ. ಇದನ್ನು ಬಿಡಿಸುವ ಯತ್ನಗಳೂ ಹೊಸವಲ್ಲ. ನಮ್ಮ ದೇಶದ ಮೊತ್ತಮೊದಲ ನಿಯಂತ್ರಿತ ಪೇಟೆಯು ೧೮೮೬ರಲ್ಲಿ ಏರ್ಪಟ್ಟದ್ದು ಹತ್ತಿಗಾಗಿಯೇ—ಹೈದರಾಬಾದಿನ ರೆಸಿಡೆನ್ಸಿಯ ಆಜ್ಞೆಯ ಮೇರೆಗೆ, ಬೇರಾರಿನ ಕಾರಂಜಾದಲ್ಲಿ. ಆ ವೇಳೆಗಾಗಲೇ ರೈಲು ಬಂದಿತ್ತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಾಗ ಚಿತ್ತಾಪುರ ಸೇಡಂಗಳೂ ಮುಂಬಯಿಯ ಪೇಟೆಗೆ ಹತ್ತಿರವಾದುವು. ಆದರೆ ಒಂದು ಸೀಮೆಯ ಕೀಳು ಹತ್ತಿಯನ್ನು ಇನ್ನೊಂದು ಸೀಮೆಯ ಮೇಲು ಹತ್ತಿಯ ಹೆಸರಿನಲ್ಲಿ ಬೆರೆಸಿ ಮಾರುವುದನ್ನೂ ರೈಲು ಸುಲಭಗೊಳಿಸಿತು. ೧೯೧೭ರಲ್ಲಿ ನೇಮಕವಾದ ಭಾರತೀಯ ಹತ್ತಿ ಸಮಿತಿಯು ಇಂಥ ದೋಷಗಳನ್ನು ವಿಚಾರಿಸಿತು. ಅದರ ಫಲವಾಗಿ ೧೯೨೧ರಲ್ಲಿ ಕೇಂದ್ರ ಹತ್ತಿ ಸಮಿತಿ, ೧೯೨೩ರಲ್ಲಿ ಹತ್ತಿಯ ಸಾಗಣೆಯನ್ನು ಹತೋಟಿಯಲ್ಲಿಡುವ ಕಾಯಿದೆ, ೧೯೨೪ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಹತ್ತಿಯ ತಾಂತ್ರಿಕ ಪ್ರಯೋಗಶಾಲೆ ಹುಟ್ಟಿದುವು. ಅಂದರೆ, ಹತ್ತಿಯನ್ನು ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ನೂರು ವರ್ಷ ದಾಟಿದೆ. ಆ ವಿದ್ಯೆ ಗಿರಣಿಗೆ ತಲುಪಿತು, ತಳಿ ತೆಗೆಯುವ ವಿಜ್ಞಾನಿಗೆ ತಲುಪಿತು. ಬಂಡಿಯ ಪಕ್ಕದಲ್ಲಿ ನಿಂತ ರೈತನಿಗೆ ತಲುಪಲಿಲ್ಲ.

ಹೊರದೇಶದ ಒಂದು ನಿದರ್ಶನವನ್ನು ನೋಡಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೯೨೩ರ ಕಾಯಿದೆಯು ಹತ್ತಿಗೆ ಸರ್ಕಾರಿ ಮಾನಕಗಳನ್ನು ವಿಧಿಸಿತು. ೧೯೩೭ರಲ್ಲಿ ಇನ್ನೊಂದು ಕಾಯಿದೆಯ ಮೂಲಕ ಬೆಳೆಗಾರರ ಗುಂಪುಗಳಿಗೆ ದರ್ಜೆ ನಿರ್ಣಯವನ್ನೂ ಪೇಟೆಯ ವರ್ತಮಾನವನ್ನೂ ಒಟ್ಟಿಗೆ ಒದಗಿಸಲು ಆರಂಭಿಸಿದರು. ೧೯೯೧ರಿಂದ ಅಲ್ಲಿನ ಕೃಷಿ ಇಲಾಖೆಯು ಅಂಡಿಗೆಗಳ ಮಾದರಿಗಳನ್ನು ಯಂತ್ರದಿಂದಲೇ ಅಳೆಯುತ್ತ ಬಂದಿದೆ. ಬೆಲೆಯ ವರದಿಯು ಬಣ್ಣ, ಕಸ, ಎಳೆಯ ಉದ್ದಗಳ ದರ್ಜೆದರ್ಜೆಗೂ ಬೇರೆ ಬೇರೆಯಾಗಿ ಹೊರಡುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ೧೯೮೦ರ ಒಂದು ಕಾಯಿದೆಯ ಪ್ರಕಾರ ಅಲ್ಲಿನ ಸರ್ಕಾರವು ಜನರಿಂದ ಮಾಹಿತಿಯನ್ನು ಕೇಳುವ ಮೊದಲು, ಈ ಮಾಹಿತಿ ಏತಕ್ಕೆ ಬೇಕು, ಕೊಡುವವನಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಬೇಕು. ಹತ್ತಿಯ ದರ್ಜೆ ಮತ್ತು ಪೇಟೆಯ ವರದಿಗಾಗಿ ಕೇಳುವ ನಮೂನೆಗಳಿಗೂ ಈ ನಿಯಮ ಅನ್ವಯಿಸುತ್ತದೆ. ಮಾಹಿತಿಯೂ ಒಂದು ಬಗೆಯ ತೆರಿಗೆ; ಕೊಡುವವನಿಗೆ ಅದರ ಲೆಕ್ಕವನ್ನು ಒಪ್ಪಿಸಬೇಕು ಎಂಬ ವಿಚಾರ ಇದರ ಹಿಂದಿದೆ.

ಆ ಪದ್ಧತಿಯನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುವುದಿಲ್ಲ. ತರಲು ಬರುವುದೂ ಇಲ್ಲ. ಅಲ್ಲಿನ ಬೆಳೆಗಾರನು ಸಾಮಾನ್ಯವಾಗಿ ಜಿನ್ನಿನಲ್ಲಿ ಬೀಜ ಬೇರ್ಪಡಿಸಿದ ಅರಳೆಯನ್ನು ಅಂಡಿಗೆ ಕಟ್ಟಿಸಿ ಮಾರುತ್ತಾನೆ; ಅಳತೆಯಾಗುವಾಗ ಮಾಲು ಅವನದಾಗಿಯೇ ಇರುತ್ತದೆ. ನಮ್ಮವನು ಬೀಜಸಹಿತವಾದ ಹತ್ತಿಯನ್ನೇ ಮಾರಿ ಮನೆಗೆ ಹೋಗುತ್ತಾನೆ. ಕ್ವಿಂಟಲಿನಲ್ಲಿ ಅರಳೆ ಬರುವುದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು, ಉಳಿದುದು ಬೀಜ. ಎಳೆಯ ನಿಜವಾದ ಗುಣ ತಿಳಿಯುವುದು ಜಿನ್ನಿಂಗಾದ ಮೇಲೆ, ಅಂದರೆ ಅದು ಅವನ ಕೈ ಬಿಟ್ಟ ಮೇಲೆ. ೨೦೨೦ರಲ್ಲಿ ಘೋಷಿಸಲಾದ 'ಕಸ್ತೂರಿ' ಎಂಬ ಭಾರತೀಯ ಹತ್ತಿಯ ಮುದ್ರೆಯೂ ಅಂಡಿಗೆಯಿಂದ ಮುಂದಕ್ಕೆ, ನೂಲುವವನ ಮತ್ತು ಪರದೇಶದ ಗಿರಾಕಿಯ ಕಡೆಗೆ ಮುಖ ಮಾಡಿದೆ. ಅದು ಬೇಕು, ಸಂದೇಹವಿಲ್ಲ. ಆದರೆ ಅದೇ ಅಳತೆಯ ಬೆಳಕು ಹಿಂದಕ್ಕೂ, ಹೊಲದ ಕಡೆಗೂ, ಬೀಳಬೇಡವೆ?

ಮೂರು ಸಂಗತಿಗಳನ್ನು ಮಾಡಬಹುದೆಂದು ನನಗೆ ತೋರುತ್ತದೆ. ಮೊದಲನೆಯದು: ಹಂಗಾಮಿನ ಪ್ರತಿ ವಾರವೂ ಪ್ರತಿ ಹೋಬಳಿಯಿಂದ ಯಾದೃಚ್ಛಿಕವಾಗಿ ಆರಿಸಿದ ಕೆಲವು ರಾಶಿಗಳ ಮಾದರಿಗಳನ್ನು ತೆಗೆದು, ಪುಟ್ಟ ಜಿನ್ನಿನಲ್ಲಿ ಬೀಜ ತೆಗೆದು, ಎಳೆಯ ಉದ್ದ, ಮೈಕ್ರೊನೇರ್, ಅರಳೆಯ ಪ್ರಮಾಣಗಳನ್ನು ಅಳೆಯುವುದು, ಫಲಿತಾಂಶವನ್ನು ಧಾರಣೆಯ ಜೊತೆಯಲ್ಲಿಯೇ ಪ್ರಕಟಿಸುವುದು. ಎರಡನೆಯದು: ಧಾರಣೆಯ ವರದಿಯನ್ನು ಗುಣದ ವರ್ಗಗಳಿಗೆ ಅನುಸಾರವಾಗಿ ವಿಂಗಡಿಸುವುದು, ಎಷ್ಟು ವ್ಯವಹಾರಗಳಿಂದ ಆ ಸಂಖ್ಯೆ ಬಂತೆಂಬುದನ್ನೂ ಹೇಳುವುದು. ಬೆಂಬಲ ಬೆಲೆಯನ್ನು ಎಳೆಯ ಉದ್ದ ಮತ್ತು ಮೈಕ್ರೊನೇರುಗಳ ಆಧಾರದ ಮೇಲೆ ಈಗಾಗಲೇ ವರ್ಗವರ್ಗವಾಗಿ ಗೊತ್ತುಪಡಿಸುತ್ತಾರೆ. ಪೇಟೆಯ ವರದಿಗೆ ಆ ವರ್ಗಗಳೇ ಸಾಕು. ಮೂರನೆಯದು: ತೇವಾಂಶದ ಮಾಪಕಗಳನ್ನು, ತಕ್ಕಡಿ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವಂತೆಯೇ, ಕಾಲಕಾಲಕ್ಕೆ ಪರೀಕ್ಷಿಸುವುದು; ರಾಶಿಯ ಮೂರು ಕಡೆ ತೆಗೆದ ಓದಿಕೆಗಳನ್ನು ರೈತನ ರಸೀದಿಯಲ್ಲಿ ಬರೆದು ಕೊಡುವುದು.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು ಖರ್ಚಿನದು. ಸಣ್ಣ ಹಿಡುವಳಿಗಳ ನಮ್ಮ ದೇಶದಲ್ಲಿ ಪ್ರತಿಯೊಬ್ಬನ ಪ್ರತಿಯೊಂದು ಮೂಟೆಯನ್ನೂ ಅಳೆಯುವುದು ಅಸಾಧ್ಯ; ಒಪ್ಪಿದೆ. ಆದರೆ ಎಲ್ಲವನ್ನೂ ಅಳೆಯಬೇಕಾದ ಅವಶ್ಯಕತೆ ಇಲ್ಲವೆಂಬುದನ್ನು ಲೋಕಕ್ಕೆ ಕಲಿಸಿಕೊಟ್ಟವರಲ್ಲಿ ನಮ್ಮ ಮಹಾಲನೋಬಿಸ್ ಮತ್ತು ಸುಖಾತ್ಮೆಯವರೇ ಪ್ರಮುಖರು. ಆರಿಸುವಿಕೆ ನಿಷ್ಪಕ್ಷಪಾತವಾಗಿದ್ದರೆ ಕೆಲವೇ ಮಾದರಿಗಳಿಂದ ಇಡೀ ಸೀಮೆಯ ಚಿತ್ರ ದೊರೆಯುತ್ತದೆ. ಮಾದರಿಗಳನ್ನು ನಾಲ್ಕು ಪಟ್ಟು ಮಾಡಿದರೆ ಸರಾಸರಿಯ ಅನಿಶ್ಚಿತತೆ ಅರ್ಧಕ್ಕೆ ಇಳಿಯುತ್ತದೆ. ಹೋಬಳಿಯ ಸರಾಸರಿಯು ಒಬ್ಬೊಬ್ಬ ರೈತನ ಹತ್ತಿಯ ಗುಣವನ್ನು ಹೇಳಲಾರದು ಎಂಬುದೂ ನಿಜವೇ. ಆದರೆ "ಈ ವಾರ ನಿಮ್ಮ ಕಡೆಯ ಮೊದಲ ಬಿಡಿಕೆ ಸಾಮಾನ್ಯವಾಗಿ ಇಷ್ಟು ಉದ್ದವಿದೆ" ಎಂಬ ಮಾತು ಕೈಯಲ್ಲಿದ್ದರೆ, "ಎಳೆ ಗಿಡ್ಡ" ಎಂಬ ಮಾತಿಗೆ ಅವನು ಮರುಪ್ರಶ್ನೆ ಹಾಕಬಲ್ಲನು. ಚಿಂಚೋಳಿಯ ರೈತನಿಗಂತೂ ಇದು ಇನ್ನೂ ಅಗತ್ಯ. ತೆಲಂಗಾಣದ ಗಡಿಯಲ್ಲಿರುವ ಅವನ ಕಿವಿಗೆ ಎರಡು ರಾಜ್ಯಗಳ ಧಾರಣೆಗಳು ಬೀಳುತ್ತವೆ. ಗುಣ ತಿಳಿಯದೆ ಅವುಗಳನ್ನು ಹೋಲಿಸಿ ಬಾಡಿಗೆ ಕೊಟ್ಟು ಮಾಲನ್ನು ದೂರ ಸಾಗಿಸುವುದು ಜೂಜಿಗೆ ಸಮಾನ.

ಎರಡನೆಯ ಆಕ್ಷೇಪ ಭಯದ್ದು: ಸರ್ಕಾರಕ್ಕೆ ಇನ್ನಷ್ಟು ಮಾಹಿತಿ ಕೊಟ್ಟರೆ ಅದು ಯಾರ ಕೈ ಸೇರುತ್ತದೆಯೋ ಎಂಬುದು. ಈ ಭಯ ಅಕಾರಣವಲ್ಲ. ೨೦೦೮ರ ಅಂಕಿ-ಅಂಶ ಸಂಗ್ರಹಣ ಕಾಯಿದೆಯು, ಅದರ ಅಡಿಯಲ್ಲಿ ಕೊಟ್ಟ ಮಾಹಿತಿಯನ್ನು ಕೊಟ್ಟವನ ಗುರುತು ತಿಳಿಯುವಂತೆ ಪ್ರಕಟಿಸಕೂಡದೆಂದು ವಿಧಿಸುತ್ತದೆ. ನಾನು ಹೇಳುವ ಸಂಗ್ರಹಕ್ಕೂ ಅದೇ ನಿಯಮವಿರಲಿ. ರೈತನ ಹೆಸರು ಬೇಡ, ಹತ್ತಿಯ ಗುಣ ಸಾಕು. ಮೂರನೆಯ ಆಕ್ಷೇಪವನ್ನು ಅಡತಿಯವರೊಬ್ಬರು ನನಗೆ ಹೇಳಿದರು: "ಅಳತೆ ಬಂದರೆ ಕೆಟ್ಟ ಹತ್ತಿಯವನಿಗೆ ಇನ್ನೂ ಕಡಿಮೆ ಸಿಗುತ್ತದೆ." ಇದು ಸತ್ಯ. ಅಳತೆಯು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಆದರೆ ತನ್ನ ಹತ್ತಿ ಏಕೆ ಕೀಳಾಯಿತು—ಬೀಜದಿಂದಲೋ, ಗುಲಾಬಿ ಕಾಯಿಕೊರಕದಿಂದಲೋ, ಮಳೆ ಕೈಕೊಟ್ಟದ್ದರಿಂದಲೋ—ಎಂಬುದನ್ನು ವಿಚಾರಿಸಲು ಅವನಿಗೂ ಒಂದು ಆಧಾರ ಸಿಕ್ಕಂತಾಯಿತು. ಕಾರಣ ತಿಳಿಯದ ನಷ್ಟಕ್ಕಿಂತ ಕಾರಣ ತಿಳಿದ ನಷ್ಟವೇ ಲೇಸು.

ವಿದ್ಯಾರ್ಥಿಮಿತ್ರರೇ, ಇದೆಲ್ಲ ಸರ್ಕಾರದ ಕೆಲಸ, ನಮಗೇನು ಎಂದು ನೀವು ಕೇಳಬಹುದು. ಸರ್ಕಾರದ ದಾಖಲೆಯ ಪ್ರತಿಯೊಂದು ಸಂಖ್ಯೆಯ ಮೊದಲ ತುದಿಯಲ್ಲಿ ಒಬ್ಬ ಮನುಷ್ಯನಿದ್ದಾನೆ: ಮಾಪಕವನ್ನು ಚುಚ್ಚಿದವನು, ಪುಸ್ತಕದಲ್ಲಿ ಬರೆದವನು. ಅವನು ನೋಡದೆ ಬರೆದರೆ ದೆಹಲಿಯ ಗಣಕಯಂತ್ರ ಅದನ್ನು ತಿದ್ದಲಾರದು. ನಾಳೆ ನಿಮ್ಮಲ್ಲಿ ಕೆಲವರು ಆ ಸ್ಥಾನದಲ್ಲಿ ಕುಳಿತಿರುತ್ತೀರಿ. ಇಂದಿಗೆ ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. ಮನೆಯ ಹತ್ತಿಯಿಂದ ನೂರು ಗ್ರಾಂ ತೂಗಿ, ಕಾಲೇಜಿನ ಒಲೆಪೆಟ್ಟಿಗೆಯಲ್ಲಿ ೧೦೫ ಡಿಗ್ರಿ ಸೆಲ್ಸಿಯಸಿನಲ್ಲಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಮತ್ತೆ ತೂಗಿರಿ. ಕಳೆದುಹೋದ ಗ್ರಾಮುಗಳೇ ಶೇಕಡಾವಾರು ತೇವಾಂಶ. ಬೆಳಗಿನ ಹತ್ತಿಗೂ ಮಧ್ಯಾಹ್ನದ ಹತ್ತಿಗೂ ಇದನ್ನು ಮಾಡಿ, ಮಾಪಕದ ಓದಿಕೆಯೊಡನೆ ಹೋಲಿಸಿರಿ.

ನಾವು ಹಾಗೆಯೇ ಮಾಡಿದೆವು. ಆ ರೈತರು ತಂದಿದ್ದ ಎರಡು ಪೊಟ್ಟಣಗಳು ಪ್ರಯೋಗಕ್ಕೆ ಸಾಲದಾದುವು. ಅವರ ಮಗನು ಮರುದಿನ ಮನೆಯಿಂದ ಇನ್ನಷ್ಟು ತಂದನು. ಎರಡು ಬಿಡಿಕೆಗಳ ತೇವದಲ್ಲಿ ಹೇಳುವಂಥ ಅಂತರವಿರಲಿಲ್ಲ. ಎರಡೂ ಶೇಕಡ ೮ರೊಳಗೇ ಇದ್ದುವು. ಮಾರಿಹೋದ ಮಾಲಿನ ತೇವ ಎಷ್ಟಿತ್ತೆಂಬುದನ್ನು ಇದರಿಂದ ಹೇಳಲು ಬಾರದು. ಅದನ್ನು ನಾನು ಹುಡುಗನಿಗೆ ಸ್ಪಷ್ಟವಾಗಿಯೇ ತಿಳಿಸಿದೆ. ಎಳೆಯ ಉದ್ದವನ್ನು ಅಳೆಯುವ ಸಾಧನ ನಮ್ಮಲ್ಲಿ ಇಲ್ಲ. ಆದುದರಿಂದ ಅವರ ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ ಸಿಕ್ಕಿತು, ಅದೂ ಮಾರಾಟ ಮುಗಿದ ಮೇಲೆ. ಉಳಿದರ್ಧವು ಪೇಟೆಯಲ್ಲಿ, ತಕ್ಕಡಿಯ ಪಕ್ಕದಲ್ಲಿ, ಮಾರಾಟಕ್ಕೆ ಮೊದಲೇ ಸಿಗುವಂತಾಗಬೇಕು.